ಒಂದೇ ಸಲದ ಬೆಲೆ

ಗೋಕಾಕದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಆಕೆ, ಕಂಪ್ಯೂಟರ್ ಗೇಮ್ ತಯಾರಿಸುವವರಿಗೆ ಒಂದು ಪುಟ್ಟ ಸಾಫ್ಟ್‌ವೇರ್ ಮಾರುತ್ತಿದ್ದಳು. ಅದನ್ನು ಜೋಡಿಸಿಕೊಂಡರೆ ಅವರ ಆಟದೊಳಗಿನ ನೀರು ನಿಜವಾದ ಹೊಳೆಯಂತೆ ಹರಿಯುತ್ತಿತ್ತು. ಒಮ್ಮೆ ಹಣ ಕೊಟ್ಟರಾಯಿತು, ಮುಂದಿನ ರಿಪೇರಿಯೆಲ್ಲ ಪುಕ್ಕಟೆ. ದೂರು ಬಂದಾಗಲೆಲ್ಲ ವೇಲಿನ ತುದಿಯಿಂದ ಕನ್ನಡಕ ಒರೆಸಿಕೊಂಡು, "ತಗೊಂಡವರು ನಂಬ್ಯಾರ್ರಿ" ಎನ್ನುತ್ತ ಕೂತುಬಿಡುತ್ತಿದ್ದಳು. ಬರಬರುತ್ತ ಹೊಸದಾಗಿ ಕೊಳ್ಳುವವರು ಕಡಿಮೆಯಾದರು, ಹಳಬರ ರಿಪೇರಿ ಮಾತ್ರ ಬೆಳೆಯಿತು.

ಒಂದು ಸಂಜೆ ಕೆಳಗಿಳಿದು ಬಂದಳು. "ಕಾಕಾ, ವರ್ಷಕ್ಕ ಇಷ್ಟು ಅಂತ ಚಂದಾ ಕೇಳಲೇನ್ರಿ? ಇಲ್ಲಂದ್ರ ಇದನ್ನ ನಡಸಾಕ ಆಗಂಗಿಲ್ಲ."

ನಾನೋ, ಹಾಲಿನವನು ಐದು ನಿಮಿಷ ತಡಮಾಡಿದರೆ ಅವನ ಎಮ್ಮೆಗೇನಾಯಿತೋ ಎಂದು ಚಿಂತಿಸುವವನು. ಗೇಮ್ ಎಂದರೆ ನನಗೆ ಗೊತ್ತಿದ್ದುದು ಕೇರಂ ಒಂದೇ. ಆದರೂ ಹೇಳಿದೆ: "ಬ್ಯಾಡವಾ. ಎಲ್ಲಾರೂ ಬೈತಾರ, ಬಿಟ್ಟು ಹೊಕ್ಕಾರ."

"ನಿಮ್ಮನ್ನ ಕೇಳಿದ್ರ ಸೂರ್ಯಾ ಹುಟ್ಟೂದೂ ರಿಸ್ಕ್ ಅಂತೀರಿ" ಎಂದು ನಕ್ಕಳು. ನಕ್ಕರೂ ಚಂದಾ ಕೇಳಲಿಲ್ಲ.

ಕೆಲವು ತಿಂಗಳಲ್ಲಿ ಹುಕ್ಕೇರಿಯ ಕಚೇರಿಯೊಂದರಲ್ಲಿ ಟೈಪ್ ಮಾಡುವ ನೌಕರಿ ಹಿಡಿದಳು. ಇನ್ನು ರಿಪೇರಿ ಸಾಧ್ಯವಿಲ್ಲವೆಂದು ಕೊಂಡವರಿಗೆಲ್ಲ ಬರೆದಳು. ಬೈಗುಳಕ್ಕೆ ಸಿದ್ಧಳಾಗಿದ್ದವಳಿಗೆ ಬಂದದ್ದು ಬೇರೆಯೇ ಉತ್ತರ. ಫೋನಿನಲ್ಲಿದ್ದುದನ್ನು ನನಗೆ ನಮ್ಮ ಮಾತಿನಲ್ಲಿ ಓದಿ ಹೇಳಿದಳು: "ವರ್ಷಾ ವರ್ಷಾ ರೊಕ್ಕ ಕೊಡಾಕ ನಾವು ತಯಾರಿದ್ವಿ. ನೀವ್ಯಾಕ ಕೇಳಲಿಲ್ಲ?"

ನಾನು ಬಾಗಿಲ ಚಿಲಕ ನೋಡುತ್ತ ನಿಂತೆ. ಆಕೆ ನನ್ನನ್ನು ದೂರಲಿಲ್ಲ.

"ಏನಂತ ಬರೀಲಿ, ಕಾಕಾ?" ಎಂದು ಮತ್ತೆ ನನ್ನನ್ನೇ ಕೇಳಿದಳು.