ಏರಿಯಿಲ್ಲದ ನೀರು

ನಮ್ಮ ಓನರ್ ಗಂಗಾಧರಯ್ಯನವರಿಗೆ ಎಪ್ಪತ್ತನಾಲ್ಕು ವರ್ಷ. ಜರಗನಹಳ್ಳಿಯಲ್ಲಿ ಒಂದೇ ಕಾಂಪೌಂಡಿನೊಳಗೆ ಅವರವು ಆರು ಬಾಡಿಗೆ ಮನೆ. ಮೂರನೆಯದರಲ್ಲಿ ನಾನು ಒಂಬತ್ತು ವರ್ಷದಿಂದ ಇದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೂ ಅವರ ಮೇಲೆ ನನಗಿದ್ದ ದೂರು ಒಂದೇ, ನೀರಿನದು. ಬೆಳಗಾದರೆ ಒಂದೊಂದು ಮನೆಯ ವಾಲ್ವನ್ನೂ ಅವರೇ ಕೈಯಾರೆ ತಿರುಗಿಸಬೇಕು. ಮನೆಗೆ ಇಪ್ಪತ್ತು ನಿಮಿಷ, ಒಂದು ನಿಮಿಷ ಹೆಚ್ಚಿಲ್ಲ. ತಲೆಗೆ ಶಾಂಪೂ ಹಾಕಿಕೊಂಡು ನಿಂತಾಗ ನೀರು ನಿಂತುಹೋಗಿ ನಾನು ಬಚ್ಚಲಿನಿಂದಲೇ ಕೂಗಾಡಿದ್ದುಂಟು.

"ಟೀಚರಮ್ಮ, ಮೇಲಿನ ಗದ್ದೆಯೋರೇ ಎಲ್ಲಾ ಕುಡ್ಕೊಂಡ್ರೆ ಕೆಳಗಿನ ಗದ್ದೆಯೋರು ಏನ್ ಮಾಡ್ಬೇಕು?" ಎಂದು ಅವರು ಹೊರಗಿನಿಂದ ಕೇಳುತ್ತಿದ್ದರು.

ಕನಕಪುರ ರಸ್ತೆಯ ಬಸ್ಸುಗಳ ಗಲಾಟೆಯ ನಡುವೆ ಈ ಗದ್ದೆ ಎಲ್ಲಿಂದ ಬಂತು ಎಂದು ನನಗೆ ತಿಳಿದಿರಲಿಲ್ಲ. ತಿಳಿಸಿದವರು ಅವರ ಹೆಂಡತಿ ಲಕ್ಷ್ಮಿದೇವಮ್ಮ. ಅವರದು ನೀರಗಂಟಿ ಮನೆತನವಂತೆ. ಜರಗನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಊರಿಗೆ ಒಂದು ಸಣ್ಣ ಕಟ್ಟೆ ಇತ್ತು. ಅದರ ಏರಿ ಕಾಯುವುದು, ತೂಬು ಎತ್ತಿ ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವುದು ಈ ಮನೆಯವರ ಕೆಲಸ. ಕಟ್ಟೆ ತುಂಬಿ ಕೋಡಿ ಹರಿದ ವರ್ಷ ಗಂಗಮ್ಮನಿಗೆ ಮೊದಲ ಬಾಗಿನ ಬಿಡುವ ಹಕ್ಕು ಈ ಮನೆಯ ಸೊಸೆಯದು. ಊರಿನ ಉಳಿದ ಮುತ್ತೈದೆಯರು ಅವಳ ಹಿಂದೆ.

ಕೊನೆಯ ಸಲ ಕಟ್ಟೆ ತುಂಬಿದ್ದು ಮೂವತ್ತೆರಡು ವರ್ಷದ ಹಿಂದೆ. ಲಕ್ಷ್ಮಿದೇವಮ್ಮ ಮೊರ ತಂದು, ಅರಿಸಿನ ಬಳಿದು, ಬಳೆ ಬಿಚ್ಚೋಲೆ ಜೋಡಿಸಿಟ್ಟಿದ್ದರು. ಅಂದೇ ದಾಯಾದಿಗಳಲ್ಲಿ ಒಬ್ಬರು ತೀರಿಕೊಂಡು ಮನೆಗೆ ಸೂತಕ ಬಂತು. ಹನ್ನೊಂದನೆಯ ದಿನ ತಲೆಗೆ ಸ್ನಾನ ಮಾಡಿ, ಮೊರ ಹಿಡಿದು ಏರಿ ಹತ್ತಿ ನೋಡಿದರೆ ಕಟ್ಟೆಯಲ್ಲಿ ಬರೀ ಕೆಸರು. ತೂಬು ಕಿತ್ತುಕೊಂಡು ನೀರೆಲ್ಲ ಹೋಯಿತು ಎಂದರು ಗಂಗಾಧರಯ್ಯ. ಮುಂದೆ ಅದು ತುಂಬಲೇ ಇಲ್ಲ. ಅಳತೆಯವರು ಬಂದರು, ಬಡಾವಣೆ ಆಯಿತು.

"ಬೇರೆ ಯಾರಾದ್ರೂ ಮುತ್ತೈದೆ ಕೈಲಿ ಬಿಡ್ಸಿ ಅಂತ ಊರೋರು ಹೇಳಿದ್ರು ಕಣಮ್ಮ," ಎಂದು ಲಕ್ಷ್ಮಿದೇವಮ್ಮ ನನಗೆ ಹೇಳಿದ್ದರು. "ಮೊದಲ್ನೇದು ನಂದೇ ಆಗ್ಬೇಕು, ಸೂತಕ ಕಳೀಲಿ ಅಂತ ನಾನೇ ಹಟ ಹಿಡ್ದೆ. ತುಂಬಿದ ತಾಯೀನ ಬರಿಗೈಲಿ ಕಾಯಿಸ್ದೆ. ಎದ್ದು ಹೊರಟೋದ್ಲು. ಈ ಬಾಕಿ ತಲೆ ಮೇಲೆ ಇಟ್ಕೊಂಡು ನಾನು ಸಾಯಲ್ಲ."

ಎರಡು ವರ್ಷದ ಹಿಂದೆ ಪುಟ್ಟೇನಹಳ್ಳಿ ಕೆರೆಗೆ ಮೊರ ಒಯ್ದಿದ್ದರು. ವಾಕಿಂಗ್ ಮಾಡುವವರ ನಡುವೆ ಸೆಕ್ಯೂರಿಟಿಯವನು ಸೀಟಿ ಊದಿ, ಪೂಜೆ ಸಾಮಾನು ಹಾಕಬಾರದು ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೂ ಅಲ್ಲದೆ ಅದು ಇನ್ನೊಂದು ಊರಿನ ಕೆರೆ, ಅದರ ಮೊದಲ ಬಾಗಿನ ಇನ್ನೊಂದು ಮನೆಯದು ಎಂದು ಲಕ್ಷ್ಮಿದೇವಮ್ಮನಿಗೇ ಮನಸ್ಸು ಒಪ್ಪಿರಲಿಲ್ಲ.

ವರ್ಷಕ್ಕೊಮ್ಮೆ ನಮ್ಮ ಕಾಂಪೌಂಡಿನವರೆಲ್ಲ ಒಂದು ಟಿಟಿ ವ್ಯಾನ್ ಮಾಡಿಕೊಂಡು ಊರು ಸುತ್ತಲು ಹೋಗುವುದು ರೂಢಿ. ನಿಮಿಷ ನಿಮಿಷದ ಪಟ್ಟಿ ಹಾಕುವವಳು ನಾನು. ಈ ಸಲ ಕರಾವಳಿ ಎಂದೆ. ಉಡುಪಿ, ಮಲ್ಪೆ, ಮರವಂತೆ, ಮುರುಡೇಶ್ವರ. ಯಾವತ್ತೂ "ನೀವ್ ಹೋಗ್ಬನ್ನಿ" ಎನ್ನುತ್ತಿದ್ದ ಲಕ್ಷ್ಮಿದೇವಮ್ಮ, "ಸಮುದ್ರಕ್ಕೆ ಯಾವ ಊರು?" ಎಂದು ಕೇಳಿದರು. ಯಾವ ಊರೂ ಇಲ್ಲ ಅಮ್ಮ ಎಂದೆ. ಮಾರನೆಯ ದಿನವೇ ಒಂದರ ಮೇಲೊಂದು ಮುಚ್ಚಿ ದಾರ ಕಟ್ಟಲು ಎರಡು ಹೊಸ ಮೊರ ಬಂದವು. ಅವರಿಬ್ಬರೂ ಅದುವರೆಗೆ ಸಮುದ್ರ ನೋಡಿರಲಿಲ್ಲ.

ಉಡುಪಿಯಲ್ಲಿ ದರ್ಶನದ ಸಾಲು ಉದ್ದವಾಗಿ ಹೊತ್ತು ಮೀರಿತು. ಮಲ್ಪೆ ಬಿಟ್ಟು ನೇರ ಮರವಂತೆಗೆ ಬಂದೆವು. ಡ್ರೈವರ್ ದೇವದಾಸ್ ಗಾಡಿ ನಿಲ್ಲಿಸಿದ. ಗಂಗಾಧರಯ್ಯ ಮೊದಲು ಇಳಿದರು. ಇಳಿದವರು ಹೆಜ್ಜೆ ಎತ್ತಲಿಲ್ಲ.

ರಸ್ತೆಯ ಒಂದು ಪಕ್ಕ ಸೌಪರ್ಣಿಕಾ ಹೊಳೆ, ಅಲ್ಲಾಡದೆ ಮಲಗಿದೆ. ಇನ್ನೊಂದು ಪಕ್ಕ ಸಮುದ್ರ. ನಾನು ಇದನ್ನು ಮೂರು ಸಲ ನೋಡಿದ್ದೆ, ಮೂರು ಸಲವೂ ಫೋಟೋ ತೆಗೆದುಕೊಂಡು ಗಾಡಿ ಹತ್ತಿದ್ದೆ. ಗಂಗಾಧರಯ್ಯ ಹೊಳೆಯನ್ನು ನೋಡಿದರು, ತಿರುಗಿ ಸಮುದ್ರವನ್ನು ನೋಡಿದರು, ಆಮೇಲೆ ಬಗ್ಗಿ ಡಾಂಬರನ್ನು ಅಂಗೈಯಲ್ಲಿ ಮುಟ್ಟಿದರು. "ರಸ್ತೆ ಅಲ್ಲ ಇದು, ಏರಿ," ಎಂದರು. ಆಚೆ ದಡ ಹುಡುಕುತ್ತ ಕಣ್ಣಿಗೆ ಕೈ ಅಡ್ಡ ಹಿಡಿದರು. "ಈ ಕಡೆ ಏರಿ ಸರಿ, ಆ ಕಡೆ ಏರಿ ಎಲ್ಲಮ್ಮ?"

"ಆ ಕಡೆ ಇಲ್ಲ ಅಂಕಲ್. ಅರಬ್ ದೇಶದವರೆಗೂ ನೀರೇ."

"ಮತ್ತೆ ಹಿಡ್ಕೊಂಡಿರೋದು ಯಾರು?"

ಅವರ ಪಕ್ಕದಲ್ಲಿ ನಿಂತು ನೋಡಿದಾಗ ನನಗೂ ಮೈ ಜುಮ್ಮೆಂದಿತು. ಅಷ್ಟು ನೀರು, ತಡೆಯಲು ಒಂದು ಕಲ್ಲಿನ ಸಾಲು, ಒಂದು ರಸ್ತೆ. ನನಗೆ ಭಯವೂ ಆಯಿತು, ಕೈ ಮುಗಿಯಬೇಕು ಎಂದೂ ಅನಿಸಿತು.

ಲಕ್ಷ್ಮಿದೇವಮ್ಮ ಮರಳಿಗಿಳಿದು, ಸೆರಗು ಹೊದ್ದು, ಮೊರಕ್ಕೆ ಕುಂಕುಮ ಇಟ್ಟು, ಕಣ್ಣು ಮುಚ್ಚಿ ನೀರಿಗೆ ಬಿಟ್ಟರು. ಅಲೆ ಬಂತು, ಮೊರವನ್ನು ಎತ್ತಿತು, ತಂದು ಅವರ ಕಾಲ ಬಳಿಯೇ ಇಟ್ಟು ಹೋಯಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ದಾರ ಸಡಿಲಿ ತೆಂಗಿನಕಾಯಿ ಹೊರಗೆ ಉರುಳಿತು. ಕಟ್ಟೆಯ ನಿಂತ ನೀರಿಗೆ ಬಾಗಿನ ಬಿಟ್ಟು ಅಭ್ಯಾಸವಾದವರು ಅವರು. ನೀರು ವಾಪಸು ಕೊಡುತ್ತದೆ ಎಂದು ಅವರಿಗೆ ಯಾರು ಹೇಳಿದ್ದರು?

ಅವರು ಮೊರ ಎದೆಗೆ ಅವಚಿಕೊಂಡು ಒದ್ದೆ ಮರಳಿನ ಮೇಲೇ ಕುಳಿತುಬಿಟ್ಟರು. "ಬೇಡ ಅಂದ್ಲು. ನನ್ ಕೈದು ಬೇಡ ಅಂದ್ಲು."

ಹೊಳೆಗೆ ಬಿಡೋಣ ಬನ್ನಿ, ಅಲ್ಲಿ ಅಲೆ ಇಲ್ಲ ಎಂದೆ. "ಹೊಳೆಗೆ ಅದರ ಊರೋರು ಕೊಡ್ತಾರೆ," ಎಂದು ಮುಖ ತಿರುಗಿಸಿದರು. ದೇವದಾಸ್ ಮೇಲಿನಿಂದ, "ಮೇಡಂ, ಇನ್ನೂ ಲೇಟಾದ್ರೆ ಮುರುಡೇಶ್ವರ ಆಗಲ್ಲ" ಎಂದು ಕೂಗಿದ. ಸ್ವಲ್ಪ ಸುಮ್ನೆ ಇರಪ್ಪ ಎಂದು ಅವನ ಮೇಲೆ ಹರಿಹಾಯ್ದೆ.

ಗಂಗಾಧರಯ್ಯ ಈ ಯಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಒಂದು ಗಾಳಿಮರದ ಕಡ್ಡಿಯನ್ನು ತಂದು, ಅಲೆ ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ನೆಟ್ಟರು. ಅದರ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಕಟ್ಟೆಯ ನೀರು ಏರಿತೋ ಇಳಿಯಿತೋ ಎಂದು ತಿಳಿಯಲು ಅವರ ಅಪ್ಪ ಹಾಗೆಯೇ ಮಾಡುತ್ತಿದ್ದರಂತೆ. ಅರ್ಧ ಗಂಟೆ ಕಳೆಯಿತು. ಉಳಿದವರು ಎಳನೀರು ಕುಡಿದು ಬಂದರು. ಕಡ್ಡಿಯ ಬುಡ ಒಣಗಿತು. ಅವರು ಮುಂದೆ ಹೋಗಿ ಎರಡನೆಯ ಕಡ್ಡಿ ನೆಟ್ಟರು. ಆಮೇಲೆ ಇನ್ನೂ ಮುಂದೆ ಮೂರನೆಯದು.

"ಟೀಚರಮ್ಮ," ಎಂದು ಕರೆದರು. "ನೀರು ಇಳೀತಾ ಐತೆ. ಇಷ್ಟ್ ದೊಡ್ಡ ನೀರು ಇಳೀತಾ ಐತೆ. ಯಾರೋ ತೂಬು ಎತ್ತವ್ರೆ!"

ನನಗೆ ನಾಚಿಕೆಯಾಯಿತು. ಪದ್ಮನಾಭನಗರದ ಟ್ಯೂಷನ್ ಸೆಂಟರಿನಲ್ಲಿ ವರ್ಷ ವರ್ಷ ಬೋರ್ಡಿನ ಮೇಲೆ ಚಂದ್ರ ಬರೆದು, ಭೂಮಿ ಬರೆದು, ಉಬ್ಬರವಿಳಿತ ಎಂದರೇನು ಎಂದು ಮಕ್ಕಳ ತಲೆ ತಿನ್ನುವವಳು ನಾನು. ಆ ಹೆಂಗಸು ಅಳುತ್ತ ಕೂತಿದ್ದಾಗ ನನಗೆ ಅದು ಹೊಳೆಯಲೇ ಇಲ್ಲ. ಪುಸ್ತಕದ ಬದನೆಕಾಯಿ ಎನ್ನುವುದು ಇದಕ್ಕೇ. ಎಲ್ಲ ಹೇಳಿದೆ. ಚಂದ್ರ ಎಳೆಯುತ್ತಾನೆ, ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ ಎಂದೆ.

"ಚಂದ್ರ?" ಅವರು ತಲೆ ಎತ್ತಿ ಹಗಲಿನ ಆಕಾಶ ನೋಡಿದರು. "ಅಷ್ಟ್ ದೂರದಿಂದಾನಾ? ಯಾರೂ ಹೇಳ್ದೆ?"

"ಯಾರೂ ಹೇಳ್ದೆ."

"ಯಾರಾದ್ರೂ ಬಂದು ಇವತ್ತು ಬಿಡ್ಬೇಡ, ನಾಳೆ ಬಿಡು, ಅಂದ್ರೆ?"

"ಯಾರ ಮಾತೂ ನಡಿಯಲ್ಲ ಅಂಕಲ್. ಒಂದು ದಿನಾನೂ ತಪ್ಪಲ್ಲ."

ಅವರು ಬಹಳ ಹೊತ್ತು ಇಳಿಯುವ ನೀರನ್ನೇ ನೋಡುತ್ತ ನಿಂತರು. ಕಣ್ಣಲ್ಲಿ ನೀರಾಡಿತು. ಆಮೇಲೆ ಹೆಂಡತಿಯ ಮುಂದೆ ಹೋಗಿ ನಿಂತು, "ಲಕ್ಷ್ಮೀ, ತೂಬು ತಾನಾಗೇ ಕಿತ್ಕೊಳ್ಳಲಿಲ್ಲ" ಎಂದರು.

ಆಕೆ ತಲೆ ಎತ್ತಿದರು.

"ನಾನೇ ಎತ್ತಿದ್ದು. ಸೂತಕದ ಆರನೇ ದಿನ. ಕಟ್ಟೆ ಒಣಗಿದ್ರೆ ಲೇಔಟ್ ಮಾಡ್ಬೋದು, ಎತ್ತು ಅಂದ್ರು ಊರ ದೊಡ್ಡೋರು. ಆಗಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಗಂಗಮ್ಮ ಸಿಟ್ಟು ಮಾಡ್ಕೊಂಡು ಹೋಗ್ಲಿಲ್ಲ ಕಣೇ. ನಾನು ಕಳಿಸ್ದೆ."

ನಾನು ದೂರ ಸರಿಯಬೇಕಿತ್ತು, ಸರಿಯಲಿಲ್ಲ.

"ಮೂವತ್ತೆರಡು ವರ್ಷ," ಎಂದರು ಲಕ್ಷ್ಮಿದೇವಮ್ಮ. "ನನ್ ಹಟದಿಂದ ಊರಿಗೆ ನೀರು ಹೋಯ್ತು ಅಂತ ನಾನು ದೇವರ ಮುಂದೆ ಅಳ್ತಿದ್ನಲ್ಲ, ನೀವು ಪಕ್ಕದ ರೂಮಲ್ಲೇ ಇರ್ತಿದ್ರಿ."

"ಇದ್ದೆ."

"ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

ಆಕೆ ಎದ್ದರು. ಕೈ ಎತ್ತುತ್ತಾರೇನೋ ಎಂದುಕೊಂಡೆ, ಎತ್ತಿದ್ದರೆ ನಾನು ತಡೆಯುತ್ತಿರಲಿಲ್ಲ. ಅವರು ಮರಳಲ್ಲಿ ಬಿದ್ದ ತೆಂಗಿನಕಾಯಿ ಹೆಕ್ಕಿ ಮೊರದೊಳಗಿಟ್ಟರು, ದಾರವನ್ನು ಹಲ್ಲಲ್ಲಿ ಕಚ್ಚಿ ಬಿಗಿದರು, ಮೊರವನ್ನು ಗಂಡನ ಎರಡೂ ಕೈಗೆ ಇಟ್ಟರು. ಬಾಗಿನ ಗಂಡಸರು ಮುಟ್ಟುವ ವಸ್ತುವಲ್ಲ. ಗಂಗಾಧರಯ್ಯ ಕೆಂಡ ಹಿಡಿದವರಂತೆ ಬೆಚ್ಚಿದರು.

"ನಾನು ಬಿಡೋ ಹಂಗಿಲ್ಲ ಕಣೇ ಇದನ್ನ."

"ಕಳಿಸಿದೋರು ನೀವು. ನೀವೇ ಕೊಡಿ."

ಅವರು ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದರು. ಗಂಗಮ್ಮ ತಾಯಿ ಎಂದೋ, ತಪ್ಪಾಯ್ತು ಎಂದೋ, ಏನು ಹೇಳಿದರೋ ಗಾಳಿಗೆ ಕೇಳಿಸಲಿಲ್ಲ. ಮೊರ ಬಿಟ್ಟರು. ಅಲೆಯೊಂದು ಅದನ್ನು ಅರ್ಧ ದಾರಿ ಹಿಂದಕ್ಕೆ ತಂದಿತು. ಇಳಿಯುವ ನೀರು ಅದನ್ನು ಎಳೆದುಕೊಂಡಿತು, ಮತ್ತೆ ಅಲೆಯ ಮೇಲೆ ಒಂದು ಸಲ ಹಳದಿಯಾಗಿ ಕಾಣಿಸಿತು, ಆಮೇಲೆ ಇನ್ನೂ ದೂರ. ಕೊನೆಗೆ ಕಾಣಿಸಲೇ ಇಲ್ಲ.

ಗಂಗಾಧರಯ್ಯ ಕೈ ಮುಗಿದು ಅಲ್ಲೇ ನಿಂತಿದ್ದರು, ಹಿಂದಿರುಗಿ ನೋಡುವ ಧೈರ್ಯ ಅವರಿಗಿರಲಿಲ್ಲ. ನೀರು ಅವರ ಕಾಲ ಕೆಳಗಿನ ಮರಳನ್ನು ಎಳೆಯುತ್ತಿತ್ತು, ಅವರು ತೂರಾಡಿದರು. ಲಕ್ಷ್ಮಿದೇವಮ್ಮ ಸೀರೆ ನೆನೆಯುವುದನ್ನೂ ನೋಡದೆ ನೀರಿಗೆ ನುಗ್ಗಿ ಅವರ ರಟ್ಟೆ ಹಿಡಿದರು.

"ನಿಮ್ಮ ಜೊತೆ ನಾನು ಇವತ್ತು ಮಾತಾಡಲ್ಲ," ಎಂದರು. ರಟ್ಟೆಯನ್ನು ಮಾತ್ರ ಬಿಡಲಿಲ್ಲ.