ಎಂದೂ ಬಾರದ ಭಾವನವರು

ಹೊಸಪೇಟೆಯ ನಮ್ಮ ಮಹಡಿ ಮನೆ ಖಾಲಿ ಬಿದ್ದು ಎರಡು ತಿಂಗಳಾಗಿತ್ತು. ಒಂದು ಭಾನುವಾರ ಗೇಟಿಗೆ ಕಟ್ಟಿದ ಬೋರ್ಡು ನೋಡಿ ಒಬ್ಬ ಹುಡುಗಿ ಬಂದಳು. ಕಂಪ್ಲಿ ಕಡೆಯವಳು, ದೋಣಿಮಲೈ ಗಣಿಯ ಲ್ಯಾಬಿನಲ್ಲಿ ಕೆಲಸ. ಕಂಪನಿ ಬಸ್ಸು ನಮ್ಮ ಬೀದಿಯ ಮೂಲೆಯಲ್ಲೇ ನಿಲ್ಲುತ್ತದೆ. ಇದಕ್ಕಿಂತ ಒಳ್ಳೆಯ ಬಾಡಿಗೆಯವರು ಬೇಕೆಂದರೆ ದೇವರೇ ಮಾಡಿ ಕಳಿಸಬೇಕು.

ನೀರು ಕೊಟ್ಟು, ನಮ್ಮ ಕಡೆ ಎಲ್ಲರೂ ಕೇಳುವುದನ್ನು ನಾನೂ ಕೇಳಿದೆ: "ಮನಿದೇವರು ಯಾವುದವ್ವ?"

ಇದು ಭಕ್ತಿಯ ಪ್ರಶ್ನೆಯಲ್ಲ. ಜಾತಿ ಕೇಳಿದರೆ ಬಾಯಿ ಹೊಲಸಾಗುತ್ತದೆಂದು ದೇವರನ್ನು ಮುಂದೆ ಮಾಡುತ್ತೇವೆ, ಅಷ್ಟೆ.

"ನಾವು ಬುದ್ಧನ್ನ ನಂಬ್ತೀವ್ರಿ ಆಂಟಿ," ಅಂದಳು, ನೆಟ್ಟಗೆ ನನ್ನನ್ನೇ ನೋಡಿ.

ಬುದ್ಧನ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮ ಶೋಕೇಸಿನಲ್ಲೂ ಒಬ್ಬ ಕೂತಿದ್ದಾನೆ. ಆದರೆ ಯಾವ ಕೇರಿಯವರು ಬುದ್ಧನ ಕಡೆ ಹೋದರು, ಯಾಕೆ ಹೋದರು ಎಂಬುದು ತಿಳಿಯುವಷ್ಟು ವಯಸ್ಸು ನನಗಾಗಿದೆ.

"ಅಯ್ಯ, ಆ ಮನಿಗೆ ನಮ್ಮ ಭಾವನವರು ಬರೋರಿದ್ದಾರವ್ವ. ಮುಂದಿನ ಐತಾರ ಬಾ, ನೋಡಿ ಹೇಳ್ತೀನಿ," ಅಂದೆ.

ನಮ್ಮ ಯಜಮಾನರು ಮನೆಗೆ ಹಿರಿಯ ಮಗ. ನಾನು ನಮ್ಮಪ್ಪನಿಗೆ ಹಿರಿಯ ಮಗಳು. ಯಾವ ಕಡೆಯಿಂದ ಎಣಿಸಿದರೂ ನನಗೆ ಭಾವನವರೇ ಇಲ್ಲ.

ಆ ರಾತ್ರಿಯಿಂದಲೇ ಮಗಳು ಟಿವಿಯಲ್ಲಿ ಒಂದು ಸಾಕ್ಷ್ಯಚಿತ್ರ ಹಚ್ಚಿದಳು, ದಿನಕ್ಕೊಂದು ಕಂತು. ಅಮೆರಿಕಾದ ಒಬ್ಬ ಕರಿಯ ಆಟಗಾರ, ದೇಶಕ್ಕೆಲ್ಲ ಬೇಕಾದವನು. ಅವನಿಂದ ವಿಚ್ಛೇದನ ಪಡೆದ ಬಿಳಿ ಹೆಂಡತಿಯ ಕೊಲೆಯಾಗಿದೆ, ಅಪವಾದ ಅವನ ಮೇಲೆ. ಮಗಳು ಇಂಗ್ಲಿಷನ್ನು ಬಿಡಿಸಿ ಹೇಳುವಳು, ನಾನು ಅಳುವುದು. ಕಂತಿಗೊಂದು ತೀರ್ಪನ್ನೂ ಕೊಡುತ್ತಿದ್ದೆ. ಒಂದು ದಿನ ಅವನನ್ನು ಗಲ್ಲಿಗೆ ಹಾಕಿದೆ, ಮರುದಿನ ಪೊಲೀಸರನ್ನು ಹಾಕಿದೆ.

ಸೋಮವಾರ ಎಂದಿನಂತೆ ಹಂಪಿಯ ವಿರೂಪಾಕ್ಷನ ಗುಡಿಗೆ ಹೋದಾಗ ಸತ್ತವಳ ಹೆಸರಲ್ಲಿ ಅರ್ಚನೆ ಮಾಡಿಸಿದೆ. ಆ ಹೆಸರಿಗೆ ಅರ್ಚಕರ ನಾಲಿಗೆ ಹೊರಳಲಿಲ್ಲ.

"ಗೋತ್ರ ಯಾವುದಮ್ಮ?"

"ಗೊತ್ತಿಲ್ರಿ. ಅಮೆರಿಕಾದಾಕಿ."

ಅವರು ಒಂದು ಸಲ ನನ್ನ ಮುಖ ನೋಡಿ, "ಶಿವಗೋತ್ರ ಅಂತೀನಿ ಬಿಡ್ರಿ," ಅಂದರು. ಗೋತ್ರ ಗೊತ್ತಿಲ್ಲದವರಿಗೆಲ್ಲ ಅದೇ. ಒಂದು ಒಳ್ಳೆಯ ಕೆಲಸವಾಯಿತೆಂದು ಹಗುರಾಗಿ ಮನೆಗೆ ಬಂದೆ.

ಭಾನುವಾರ ಮಧ್ಯಾಹ್ನ ಕೊನೆಯ ಕಂತು. ಇನ್ನೇನು ತೀರ್ಪು ಬರಬೇಕು, ಬಾಗಿಲಲ್ಲಿ ಅದೇ ಹುಡುಗಿ. ಬರಲಿಕ್ಕಿಲ್ಲ ಅಂದುಕೊಂಡಿದ್ದೆ.

"ಕುಂದ್ರವ್ವ ಕುಂದ್ರು, ತೀರ್ಪು ಬರಾಕತ್ತೈತಿ," ಅಂದೆ. ಅವಳು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಗೆ ಕೂತಳು.

ಆಟಗಾರ ನಿರ್ದೋಷಿ ಎಂದಾಯಿತು. ಬೀದಿಯಲ್ಲಿ ಕರಿಯರು ಕುಣಿದರು, ಬಿಳಿಯರು ಬಾಯಿ ಮುಚ್ಚಿಕೊಂಡು ಅತ್ತರು. ನಮ್ಮ ಮನೆಯೂ ಎರಡು ಪಾಲಾಯಿತು.

"ಇವನ ಮಾಡ್ಯಾನ," ಅಂದರು ಯಜಮಾನರು. "ದಿನಾ ಅಂಗಡ್ಯಾಗ ಕುಂತು ಮಂದಿ ಮಾರಿ ನೋಡ್ತೀನಿ, ನನಗ ಗೊತ್ತಾಗಂಗಿಲ್ಲೇನು?"

"ಮಾರಿ ನೋಡಿ ಹೇಳೋದಿದ್ರ ಕೋರ್ಟ್ ಯಾಕಪ್ಪ?" ಅಂದಳು ಮಗಳು. "ಪೊಲೀಸ್ರು ಆ ಮಂದಿಗೆ ಇಷ್ಟು ವರ್ಷ ಮಾಡಿದ್ದು ನೋಡ್ಲಿಲ್ಲೇನು?"

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ದೊಡ್ಡ ಮಾತು ಆಡಿದೆ: "ಹೆಣ್ಣುಮಗಳು ಸತ್ತು ಬಿದ್ದಾಳ, ಇವ್ರು ಬಣ್ಣ ನೋಡಾಕತ್ತಾರ! ಎಂಥಾ ಮಂದಿ ಇದು. ನಮ್ಮಲ್ಲಿ ಹಿಂಗಿಲ್ಲಪ್ಪ." ಸಾಲದ್ದಕ್ಕೆ ಹುಡುಗಿಯ ಕಡೆ ತಿರುಗಿದೆ. "ನೀ ಓದಿದಾಕಿ, ನೀನ ಹೇಳವ್ವ."

"ಅವ ಮಾಡಿದ್ನೋ ಇಲ್ಲೋ ನನಗ ಗೊತ್ತಿಲ್ರಿ ಆಂಟಿ. ಮಾಡಿ ಪಾರಾಗಿದ್ರ ಆಕಿ ತಾಯಿ-ತಂದಿ ಸಂಕಟ ಯಾರಿಗೂ ಬ್ಯಾಡ. ಆದ್ರ ಆ ಮಂದಿ ಯಾಕ ಕುಣದ್ರು ಅಂತ ಗೊತ್ತಾಗ್ತೈತಿ. ಹೋದಲ್ಲೆಲ್ಲಾ ಒಂದ ಉತ್ತರ ಕೇಳಿ ಕೇಳಿ ಸಾಕಾಗಿರ್ತೈತ್ರಿ." ಆಮೇಲೆ ನನ್ನನ್ನೇ ನೋಡಿ ಕೇಳಿದಳು: "ನಿಮ್ಮ ಭಾವನವರು ಬಂದ್ರೇನ್ರಿ? ನಾ ನೋಡಿದ ಐದೂ ಮನಿಗೆ ಭಾವನವರ ಬರೋರಿದ್ದಾರ. ಎಲ್ಲಾರೂ ಒಂದ ಬಸ್ಸಿಗೆ ಬರ್ತಾರೋ ಏನೋ."

"ಯಾವ ಭಾವ?" ಅಂದರು ಯಜಮಾನರು. "ಏ, ನಾನ ಹಿರೇ ಮಗ!"

ಮಗಳು ಟಿವಿ ಬಂದ್ ಮಾಡಿದಳು. ಹಾಲು ನೋಡುವ ನೆವದಲ್ಲಿ ಅಡುಗೆಮನೆಗೆ ಓಡಿದೆ. ಹಾಲು ಉಕ್ಕಿರಲಿಲ್ಲ, ಅಷ್ಟರಮಟ್ಟಿಗೆ ವಿರೂಪಾಕ್ಷನ ದಯೆ. ದೇವರ ಜಗುಲಿಯ ಮೇಲೆ ಸೋಮವಾರದ ಪ್ರಸಾದದ ಪೊಟ್ಟಣ ಇನ್ನೂ ಇತ್ತು. ಮುಖ ನೋಡದ ಅಮೆರಿಕಾದವಳನ್ನು ನಿಂತ ನಿಲುವಿನಲ್ಲಿ ಶಿವಗೋತ್ರಕ್ಕೆ ಸೇರಿಸಿ ಬಂದ ಪುಣ್ಯಾತ್ಗಿತ್ತಿ ನಾನು. ಕಂಪ್ಲಿಯವಳನ್ನು ಮೆಟ್ಟಿಲು ಹತ್ತಿಸಿರಲಿಲ್ಲ.

ಮೊಳೆಗೆ ತೂಗು ಹಾಕಿದ ಬೀಗದ ಕೈ ತಂದು ಕೊಟ್ಟೆ. "ಭಾವ ಇಲ್ಲವ್ವ. ಸುಳ್ಳು ಹೇಳಿದೆ. ಹೋಗಿ ಮನಿ ನೋಡು."

ಅವಳು ಕಣ್ಣಲ್ಲಿ ನೀರು ತಂದುಕೊಂಡು ಕೈ ಮುಗಿಯುತ್ತಾಳೆಂದು, ಸುಳ್ಳೇಕೆ ಹೇಳಲಿ, ಒಳಗೊಳಗೇ ಕಾದಿದ್ದೆ. ಅವಳು ಹತ್ತು ನಿಮಿಷ ಮೇಲೆಲ್ಲ ಓಡಾಡಿ ಇಳಿದು ಬಂದು, "ನಳ ಸೋರ್ತೈತ್ರಿ," ಅಂದಳು. "ಮತ್ತ ನಾ ಐತಾರಕ್ಕೊಮ್ಮೆ ಮೀನು ಮಾಡ್ತೀನಿ. ವಾಸನಿ ಕೆಳಗ ಬರ್ತೈತಿ. ಆಗಂಗಿಲ್ಲ ಅಂದ್ರ ಈಗ ಹೇಳಿಬಿಡ್ರಿ."

ನನ್ನ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ; ಈ ಮನೆಯ ಹೊಸ್ತಿಲು ಮೊಟ್ಟೆ ಕೂಡ ದಾಟಿದ್ದಿಲ್ಲ. ಯಜಮಾನರು ಸೂರು ನೋಡುತ್ತಿದ್ದರು.

"ಕಿಡಕಿ ತಗದಿಡು," ಅಂದೆ ಕೊನೆಗೆ.

"ನಮ್ಮವ್ವನ್ನ ಕೇಳಿ ಹೇಳ್ತೀನ್ರಿ," ಅಂದು ಅವಳು ಹೋದಳು.

ಮೂರು ದಿನ ಸಂಜೆ ಕಂಪನಿ ಬಸ್ಸು ನಿಂತ ಸದ್ದಾದಾಗಲೆಲ್ಲ ನಾನು ಬಾಗಿಲಿಗೆ. ತೀರ್ಪಿಗೆ ಕಾಯುವುದು ಹೇಗಿರುತ್ತದೆಂದು ಟಿವಿಯಲ್ಲಿ ಒಂದು ವಾರ ನೋಡಿ ಕಲಿಯದ್ದನ್ನು ಆಗ ಕಲಿತೆ. ನಾಲ್ಕನೇ ದಿನ ಅವಳು ಅಡ್ವಾನ್ಸ್ ಹಿಡಿದುಕೊಂಡು ಬಂದಳು. ನಳ ರಿಪೇರಿ ಮಾಡಿಸಿಟ್ಟಿದ್ದೆ.

ಮೊದಲ ಭಾನುವಾರ ಮೀನಿನ ವಾಸನೆ ಇಳಿದು ಬಂದಾಗ ಎರಡರ ಬದಲು ಆರು ಊದಿನಕಡ್ಡಿ ಹಚ್ಚಿದೆ. ಮುಂದಿನ ವಾರ ನಾಲ್ಕು. ಮೊನ್ನೆ ಭಾನುವಾರ ಮಗಳು ಅಣಕಿಸಿದಳು: "ಅವ್ವ, ಇವತ್ತು ಹೊಗಿ ಹಾಕಲಿಲ್ಲ?"

"ಕಡ್ಡಿ ತೀರ್ಯಾವ," ಅಂದೆ.

ಡಬ್ಬಿ ತುಂಬ ಇದ್ದವು.