ಗೋದಲಿ ಪೆಟ್ಟಿಗೆಯಲ್ಲಿ ಸಿಕ್ಕ ಕರ್ಚೀಫುಗಳು

ಏಪ್ರಿಲ್‌ನಲ್ಲಿ, ಈಸ್ಟರಿನ ಪಾಸ್ಕ ಹಬ್ಬ ಕಳೆದ ವಾರ, ನನ್ನ ಗಂಡನಿಗೆ ಕೆಮ್ಮು ಶುರುವಾಯಿತು. ಮರಗೆಲಸದವರು. “ಗರಗಸದ ಧೂಳು ಕಣೇ,” ಅಂದರು. ನಂಬಿದೆ.

ಆಗಲೇ ಅವರ ಕರ್ಚೀಫುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಅಂಚಿಗೆ ನಾನೇ ನೀಲಿ ದಾರದಲ್ಲಿ ಹೂ ಹಾಕಿದ್ದ ಆರು ಕರ್ಚೀಫು. “ಎಲ್ಲೋ ಬಿದ್ದೋಯ್ತು,” ಅನ್ನುವರು. “ಇನ್ಮೇಲೆ ಸ್ಕೂಲ್ ಮಕ್ಕಳ ಥರ ಅಂಗಿಗೆ ಪಿನ್ ಹಾಕಿ ಸಿಗಿಸ್ತೀನಿ ನೋಡ್ರೀ,” ಅಂತ ಬೈದಿದ್ದೆ. ನಕ್ಕರು. ನಗುತ್ತಲೇ ಕೆಮ್ಮಿದರು.

ಆಗಸ್ಟ್‌ನಲ್ಲಿ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಎರಡೂ ಲಂಗ್ಸ್‌ಗೆ ಹರಡಿದೆ. ರಕ್ತ ಬೀಳ್ತಿತ್ತಾ?”

“ಇಲ್ಲ ಸಾರ್,” ಅಂದರು ಇವರು, ನನ್ನ ಕಡೆ ನೋಡದೆ.

ಟಿ.ಬಿ.

ಆಮೇಲೆ ದಿನಾ ಇಂಜೆಕ್ಷನ್, ಬೇರೆ ತಟ್ಟೆ, ಬೇರೆ ಲೋಟ. ನವೆಂಬರಿನಲ್ಲಿ ಹೋಗಿಬಿಟ್ಟರು. ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ಬಂದವರೆಲ್ಲ “ದೇವರ ಚಿತ್ತ ಕಣಮ್ಮ” ಅಂದು, ಕಾಫಿ ಕುಡಿದು ಎದ್ದು ಹೋದರು. ಆ ಮಾತು ಕೇಳಿದಾಗಲೆಲ್ಲ ಅವರ ಕೈಯಿಂದ ಲೋಟ ಕಿತ್ತುಕೊಳ್ಳಬೇಕು ಅನ್ನಿಸುತ್ತಿತ್ತು.

ಕ್ರಿಸ್ಮಸ್ಸಿಗೆ ಎರಡು ದಿನವಿತ್ತು. ಸಾವಾದ ಮನೆ, ನಕ್ಷತ್ರ ಕಟ್ಟುವ ಹಾಗಿಲ್ಲ, ಕಜ್ಜಾಯ ಕರಿಯುವ ಹಾಗಿಲ್ಲ. ಆದರೂ ಅತ್ತೆ, “ಗೋದಲಿ ಒಂದು ಇಡೋಣ. ನನ್ನ ಮಗ ಕೈಯಾರೆ ಮಾಡಿದ್ದು,” ಅಂದರು. ಯೇಸು ಹುಟ್ಟಿದ ಕೊಟ್ಟಿಗೆ, ಅದರ ಬೊಂಬೆಗಳು ಇರುವ, ವರ್ಷಕ್ಕೊಮ್ಮೆ ಮಾತ್ರ ತೆಗೆಯುವ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ಹುಲ್ಲಿನಡಿ, ಮಣ್ಣಿನ ಕುರಿಗಳ ಪಕ್ಕ, ನನ್ನ ಕರ್ಚೀಫುಗಳು. ಐದು. ಒಣಗಿ ಕಂದಾಗಿದ್ದ ರಕ್ತ.

ಇವರಿಗೆ ಗೊತ್ತಿತ್ತು.

ಒಗೆಯಲು ಹಾಕಿದರೆ ನನಗೆ ತಿಳಿಯುತ್ತದೆ. ಎಸೆಯಲು ಮನಸ್ಸು ಬಂದಿರಲಿಕ್ಕಿಲ್ಲ. ಡಿಸೆಂಬರಿನವರೆಗೆ ಯಾರೂ ಮುಟ್ಟದ ಜಾಗ ಹುಡುಕಿದ್ದಾರೆ. ಆ ನಾಲ್ಕು ತಿಂಗಳು ಸಿಕ್ಕಿದ್ದರೆ ಔಷಧಿ ಹಿಡಿಯುತ್ತಿತ್ತೋ ಏನೋ. ಸತ್ತವರ ಮೇಲೆ ಕೂಗಾಡುವುದು ಹೇಗೆ? ಪೆಟ್ಟಿಗೆಯಲ್ಲಿದ್ದ ಮಾತೆ ಮರಿಯಮ್ಮನವರ ಬೊಂಬೆಯ ಮೇಲೆ ಕೂಗಾಡಿದೆ. “ನಿನ್ನ ಕಾಲ ಹತ್ರಾನೇ ಇಟ್ಕೊಂಡಿದ್ದೆಯಲ್ಲ! ಒಂದು ಮಾತು ಹೇಳೋಕಾಗ್ಲಿಲ್ವಾ?”

ಅತ್ತೆ ನನ್ನ ಬಾಯಿ ಮುಚ್ಚಿಸುತ್ತಾರೆ ಅಂದುಕೊಂಡೆ. ಪಕ್ಕದಲ್ಲಿ ಬಂದು ಕೂತರು.

“ಬಯ್ಯಿ. ಆಯಮ್ಮನೂ ಮಗನ್ನ ಕಳ್ಕೊಂಡೋಳೇ, ತಡ್ಕೋತಾಳೆ. ಒಂದು ತಿಂಗಳಿಂದ ನಾನು ಜಪಮಾಲೆ ಹಿಡ್ಕೊಂಡು ಇನ್ನೇನು ಮಾಡ್ತಿದ್ದೀನಿ? ಜಪ ಅಂದ್ಕೊಂಡಿದ್ಯಾ?”

ಅವತ್ತು ಮೊದಲ ಸಲ ನಾವಿಬ್ಬರೂ ಒಟ್ಟಿಗೆ ಕೂತು ಅತ್ತೆವು.

ಕರ್ಚೀಫುಗಳನ್ನೂ ಹುಲ್ಲನ್ನೂ ಹಿತ್ತಲಲ್ಲಿ ಸುಟ್ಟೆವು. ಹಬ್ಬದ ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗಿ ಬಂದೆವು. ಕೋಪ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಆದರೆ ಅದನ್ನು ಗುಡಿಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಬೇಕು ಅಂತ ಈಗ ಅನ್ನಿಸುವುದಿಲ್ಲ.

ಬಾಲಯೇಸುವನ್ನು ಮಲಗಿಸುವುದು ಪ್ರತಿ ವರ್ಷ ಇವರ ಕೆಲಸ. ಅತ್ತೆ ಆ ಬೊಂಬೆಯನ್ನು ನನ್ನ ಕೈಗೆ ಕೊಟ್ಟರು. ಗೋದಲಿಯಲ್ಲಿ ಹುಲ್ಲಿರಲಿಲ್ಲ, ಬರೀ ಹಲಗೆ. ಟ್ರಂಕು ತೆಗೆದು, ಇವರ ಮದುವೆ ಕೋಟಿನ ಜೇಬಿನಲ್ಲಿ ನಾನೇ ಮಡಿಸಿಟ್ಟು ಹಾಗೇ ಉಳಿದಿದ್ದ ಆರನೆಯ ಕರ್ಚೀಫು ತಂದೆ. ಮಡಿಕೆ ಕೂಡ ಬಿಚ್ಚಿರಲಿಲ್ಲ. ಅದನ್ನು ಹಾಸಿ, ಮಗುವನ್ನು ಮಲಗಿಸಿದೆ.